‘ಬೆಳ್ಳಿ ಖಚಿತ ಹೂಜಿ’ ಅನ್ಬಹುದಾ? ಇನ್‌ಲೇ ಕೆಲಸಕ್ಕೆ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ,

ಇನ್‌ಲೇ, ಅಂದ್ರೆ ಒಂದು ವಸ್ತುವಿನ ಮೈ ಕೊರೆದು ಅದರೊಳಗೆ ಇನ್ನೊಂದನ್ನ ಕೂರಿಸೋ ಕೆಲಸ, ಅದಕ್ಕೊಂದು ಕನ್ನಡ ಪದ ಹುಡುಕ್ತಾ ನಾಲ್ಕು ದಿನದಿಂದ ಒದ್ದಾಡ್ತಿದೀನಿ. ಪರಿಚಯದವರೊಬ್ರು ಬೇರೆ ಬೇರೆ ದೇಶದ ಕರಕುಶಲ ವಸ್ತುಗಳ ಫೋಟೋ ಪ್ರದರ್ಶನ ಇಡ್ತಿದಾರೆ, ಫೋಟೋ ಕೆಳಗಿನ ಎರಡೆರಡು ಸಾಲು ಕನ್ನಡದಲ್ಲಿ ಬರೆಯೋ ಕೆಲಸ ನನ್ನ ತಲೆಗೆ ಬಂತು. ಮೊದಲನೇದೇ ಬಿದರಿ ಹೂಜಿ, ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ರ ಇರೋ ಬೀದರಿನ ಕೆಲಸ. ‘ಬೆಳ್ಳಿ ಖಚಿತ ಹೂಜಿ’ ಅಂತ ಬರೆದು ನಮ್ಮತ್ತೆಗೆ ಓದಿ ಹೇಳಿದ್ರೆ, “ಬೆಳ್ಳೀನೇ ಖಚಿತ ಅಂತ ಯಾರು ಹೇಳಿದ್ರು, ಬಿಲ್ ಇದ್ಯಾ?” ಅಂದ್ರು!

ತಪ್ಪು ಅವರದಲ್ಲ. ಸಂಸ್ಕೃತದಲ್ಲಿ ಖಚಿತ ಅಂದ್ರೆ ಕೂರಿಸಿದ್ದು, ಜಡಿದದ್ದು. ನಮ್ಮಲ್ಲಿ ಆ ಅರ್ಥ ‘ರತ್ನಖಚಿತ ಸಿಂಹಾಸನ’ದಂಥ ಸಮಾಸದೊಳಗೆ ಮಾತ್ರ ಉಳ್ಕೊಂಡಿದೆ, ಬಿಡಿಯಾಗಿ ಬಂದ್ರೆ ‘ನಿಶ್ಚಯ’ ಅಂತ್ಲೇ. ಮರಾಠಿಯಲ್ಲೂ ಹಾಗೇ. ಕಲ್ಲು ಗಟ್ಟಿಯಾಗಿ ಕೂತ್ರೆ ಅಲ್ಲಾಡಲ್ಲ, ಅಲ್ಲಾಡದ ಮಾತೂ ಖಚಿತ, ಹೀಗೇ ಅರ್ಥ ಜಾರಿರ್ಬೇಕು ಅಂತ ನನ್ನ ಊಹೆ. ಚಂದದ ದಾರಿಯೇ, ಆದ್ರೆ ನನ್ನ ಹೂಜಿಗೆ ಉಪಯೋಗಕ್ಕೆ ಬರ್ಲಿಲ್ಲ.

‘ಕುಸುರಿ’ ಅಂದ್ಬಿಡಿ ಅಂತ ಸುಮಾರು ಜನ ಹೇಳಿದ್ರು. ನನಗೆ ಒಪ್ಪಿಗೆ ಇಲ್ಲ. ಕುಸುರಿ ಅಂದ್ರೆ ಕೆಲಸ ಎಷ್ಟು ಸೂಕ್ಷ್ಮ ಅನ್ನೋದು ಗೊತ್ತಾಗತ್ತೆ, ಹೇಗೆ ಮಾಡಿದ್ರು ಅನ್ನೋದು ಗೊತ್ತಾಗಲ್ಲ. ಕಲ್ಲಿನ ಕೆತ್ತನೆಗೂ ಕುಸುರಿ, ಸೀರೆ ಅಂಚಿಗೂ ಕುಸುರಿ, ಸಂಕ್ರಾಂತಿಗೆ ಕುಸುರೆಳ್ಳು ಬೇರೆ.

ಬಿದರಿಯಲ್ಲಿ ನಡೆಯೋದನ್ನೇ ನೋಡಿ. ಪಾತ್ರೆ ಸತುವಿಂದು, ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದಿರ್ತಾರೆ. ಉಜ್ಜಿ ನುಣ್ಣಗೆ ಮಾಡಿ, ಗೆರೆ ಕಾಣ್ಲಿ ಅಂತ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ಕೊಂಡು ಚಿತ್ರ ಬರೀತಾರೆ, ಆಮೇಲೆ ಸಣ್ಣ ಉಳಿಯಿಂದ ಕೊರೆದು ಆ ಕೊರಕಲಿಗೆ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಬಡಿದು ಕೂರಿಸ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಅನ್ನೋ ಲವಣ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದ್ರೆ ಸತು ಕಪ್ಪಗಾಗತ್ತೆ, ಬೆಳ್ಳಿ ಮಾತ್ರ ಹಾಗೇ ಬೆಳ್ಳಗೆ ಎದ್ದು ನಿಲ್ಲತ್ತೆ. ತಂತಿ ಕೂರಿಸಿದ್ರೆ ತಾರ್‌ಕಶಿ, ತಗಡಿನ ಚೂರು ಕೂರಿಸಿದ್ರೆ ತೆಹ್‌ನಿಶಾನ್, ಅಂದ್ರೆ ಹೆಸರೆಲ್ಲ ಪಾರ್ಸಿ ಕಡೇವು. ಅದೇ ಕೋಟೆಯ ರಂಗೀನ್ ಮಹಲಿಗೆ ಹೋದ್ರೆ ಕರೀ ಕಲ್ಲಲ್ಲಿ ಮುತ್ತಿನ ಚಿಪ್ಪಿನ ಚೂರು ಕೂತಿರೋದು ಕಾಣತ್ತೆ (ಬೆಳಕು ಬಿದ್ದಾಗ ನೋಡ್ಬೇಕು, ಹೂಜಿಗಿಂತ ನನಗೆ ಅದೇ ಹೆಚ್ಚು ಇಷ್ಟ).

ಅದಕ್ಕೇ ‘ಖಚಿತ’ ಬಿಟ್ಟು ‘ಕೂರಿಸು’ ಅಂತ ಹಿಡ್ಕೊಂಡೆ, ಅಲ್ಲೀವರೆಗೆ ಅದು ನಡೀತು. ತಾಜ್‌ಮಹಲ್‌ಗೂ ನಡೀತು, ಅಮೃತಶಿಲೆ ಕೊರೆದು ಬಣ್ಣದ ಕಲ್ಲು ಕೂರಿಸಿದ್ದು, ನಮ್ಮ ಚಿನ್ನದ ಕೆಲಸದವರೂ ಕಲ್ಲು ಕೂರಿಸೋದು ಅಂತಾರಲ್ಲ. ಮೈಸೂರು ಅರಮನೆಯ ಬೀಟೆ ಬಾಗಿಲಿನ ದಂತದ ಕೆಲಸಕ್ಕೂ ಸರಿ.

ಸಿಕ್ಕಾಕೊಂಡಿದ್ದು ಕೊರಿಯಾದ ಬಟ್ಟಲಲ್ಲಿ. 12ನೇ ಶತಮಾನದ್ದು, ಅಲ್ಲಿನ ಗೊರ್ಯೊ ರಾಜವಂಶದ ಕಾಲದ್ದು, ತಿಳಿ ಹಸಿರು ಮೆರುಗು, ಒಳಗೆ ಬಿಳೀ ಕೊಕ್ಕರೆಗಳು. ಅರ್ಧ ಒಣಗಿದ ಬಟ್ಟಲಲ್ಲಿ ಚಿತ್ರ ಗೀರಿ, ಆ ಗೀರಿಗೆ ಬಿಳೀ ಮಣ್ಣಿನ ರಾಡಿ ಬಳಿದು, ಹೆಚ್ಚಾಗಿದ್ದನ್ನ ಕೆರೆದು ತೆಗೆದು ಸುಡೋದು. ಅವರು ಇದಕ್ಕೆ ಸಂಗಮ್ ಅಂತಾರೆ, ನಮ್ಮ ಸಂಗಮ ಅಲ್ಲ, ಚೀನೀ ಅಕ್ಷರದಲ್ಲಿ ಬರೆಯೋ ಪದ. ಅದೇ ಅಕ್ಷರಗಳನ್ನ ಜಪಾನಿನವರು ಜೋಗನ್ ಅಂತ ಓದಿ ಲೋಹದ ಕೆಲಸಕ್ಕೂ ಬಳಸ್ತಾರೆ. ಅಂದ್ರೆ ಅವರಿಗೆ ಲೋಹಕ್ಕೂ ಮಣ್ಣಿಗೂ ಒಂದೇ ಪದ ಸಾಕಾಗಿದೆ. ಕನ್ನಡದಲ್ಲಿ ‘ಮಣ್ಣು ಕೂರಿಸಿದ ಬಟ್ಟಲು’ ಅಂದ್ರೆ ನಗ್ತಾರೆ, ಮಣ್ಣು ತುಂಬೋದೇ ಹೊರತು ಕೂರಿಸೋದಲ್ಲ.

ಸದ್ಯಕ್ಕೆ ‘ಬೆಳ್ಳಿ ತಂತಿ ಕೂರಿಸಿದ ಹೂಜಿ’, ‘ಬಿಳಿ ಮಣ್ಣು ತುಂಬಿ ಚಿತ್ರಿಸಿದ ಬಟ್ಟಲು’ ಅಂತ ಬೇರೆ ಬೇರೆ ಬರೆದಿದೀನಿ. ಆದ್ರೆ ಇಡೀ ಗೋಡೆಗೆ ಒಂದು ತಲೆಬರಹ ಬೇಕು. ನಿಘಂಟಿನ ಥರ ‘ಒಳಸೇರಿಕೆ’ ಅನ್ನೋಕೆ ಮನಸ್ಸಿಲ್ಲ, ‘ಜಡಿತ’ ಅಂದ್ರೆ ಒಡವೆ ಅಂಗಡಿ ನೆನಪಾಗತ್ತೆ, ‘ಕೂರಿಕೆ’ ಅಂತ ನಾನೇ ಹುಟ್ಟಿಸಿದ್ದು ಯಾಕೋ ಮೀಟಿಂಗ್ ಥರ ಕೇಳ್ತಿದೆ.

ಬೀದರ್ ಕಡೇವ್ರು ಯಾರಾದ್ರೂ ಇದ್ರೆ ಹೇಳಿ, ಕೆಲಸಗಾರರು ತಮ್ತಮ್ಮಲ್ಲಿ ಮಾತಾಡುವಾಗ ತಂತಿ ಕುಂದ್ರಸೋದು ಅಂತಾರಾ, ಹಾಕೋದು ಅಂತಾರಾ, ಇಲ್ಲಾ ದಖನಿಯಲ್ಲೇ (ಆ ಕಡೆಯ ಉರ್ದುವಲ್ಲಿ) ಬೇರೆ ಏನಾದ್ರೂ ಇದ್ಯಾ? ಸೋಮವಾರ ಬೋರ್ಡು ಪ್ರಿಂಟಿಗೆ ಹೋಗತ್ತೆ.