ದೂರದಿಂದ ರಿಪೇರಿ ಮಾಡುವಾಗ ಅಡ್ಮಿನ್ ಅನುಮತಿ ಕೇಳಿ ಪರದೆ ನಿಂತುಹೋದರೆ ನೀವೆಲ್ಲ ಏನು ಮಾಡ್ತೀರಿ?

ಪ್ರಶ್ನೆ, ಶಿವಮೊಗ್ಗದಿಂದ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗಿರಾಕಿಗಳ ವಿಂಡೋಸ್ ಕಂಪ್ಯೂಟರನ್ನು ಇಲ್ಲೇ ಕೂತು ಎನಿಡೆಸ್ಕ್ ಅನ್ನೋ ದೂರ ನಿಯಂತ್ರಣದ ಟೂಲಿನಲ್ಲಿ ನೋಡಿಕೊಡುವ ಕೆಲಸ. ಈ ಮಳೆಯಲ್ಲಿ ಒಂದು ಪ್ರಿಂಟರ್ ಡ್ರೈವರ್‌ಗೋಸ್ಕರ ಅಲ್ಲಿತನಕ ಹೋಗಿಬರೋದು ಆಗದ ಮಾತು. ಆದರೆ ಇನ್‌ಸ್ಟಾಲರ್ ಮೇಲೆ ಡಬಲ್ ಕ್ಲಿಕ್ ಮಾಡಿದ ಕೂಡಲೇ ನಮ್ಮ ಕಡೆ ಚಿತ್ರ ನಿಂತುಬಿಡುತ್ತೆ. ಆ ಕಡೆಯವರು "ಏನೋ ಕೇಳ್ತಾ ಇದೆ ಸಾರ್, ಯೆಸ್ ಒತ್ಲಾ?" ಅಂತಾರೆ. ಏನು ಕೇಳ್ತಿದೆ ಅಂತ ನಮಗೆ ಕಾಣಲ್ಲ. ಯುಎಸಿ, ಅಂದರೆ ಹೀಗೆ ಅಡ್ಮಿನ್ ಅನುಮತಿ ಕೇಳುವ ವಿಂಡೋಸಿನ ಏರ್ಪಾಡನ್ನೇ, ಪೂರ್ತಿ ಆಫ್ ಮಾಡಿಸಿಬಿಡಿ ಅಂತ ಕೆಲವರು ಹೇಳ್ತಾರೆ. ಅದು ಸರೀನಾ? ನಿಮ್ಮ ರೂಢಿ ಏನು?

ಸಾಗರದಿಂದ

ಖಂಡಿತ ಆಫ್ ಮಾಡಿಸಬೇಡಿ. ಚಿತ್ರ ಯಾಕೆ ನಿಲ್ಲುತ್ತೆ ಅಂತ ತಿಳಿದರೆ ದಾರಿ ತಾನೇ ಕಾಣುತ್ತೆ. ವಿಸ್ಟಾ ಕಾಲದಿಂದ, ಅಂದರೆ 2007ರಿಂದ, ಈ ಅನುಮತಿ ಪೆಟ್ಟಿಗೆ ಮಾಮೂಲಿ ಡೆಸ್ಕ್‌ಟಾಪ್ ಮೇಲೆ ಬರೋದಿಲ್ಲ. ವಿಂಡೋಸ್ ಅದಕ್ಕೆ ಅಂತಲೇ ಬೇರೆ ಡೆಸ್ಕ್‌ಟಾಪ್ ತೆರೆಯುತ್ತೆ, ಅದರ ಹೆಸರು ಸೆಕ್ಯೂರ್ ಡೆಸ್ಕ್‌ಟಾಪ್. ಹಿಂದೆ ಮಂಕಾಗಿ ಕಾಣೋದು ಹಳೆ ಪರದೆಯ ಬರೀ ಫೋಟೊ. ಸಾಮಾನ್ಯ ಹಕ್ಕಿನಲ್ಲಿ ಓಡುವ ಯಾವ ಪ್ರೋಗ್ರಾಮಿಗೂ ಆ ಕೋಣೆಯೊಳಗೆ ಇಣುಕೋಕೂ ಆಗಲ್ಲ, ಕ್ಲಿಕ್ ಮಾಡೋಕೂ ಆಗಲ್ಲ. ವೈರಸ್ಸು ತಾನೇ ಯೆಸ್ ಒತ್ತಿಕೊಳ್ಳದ ಹಾಗೆ ಮಾಡಿದ ಏರ್ಪಾಡು ಅದು. ಗಿರಾಕಿ ಡೌನ್‌ಲೋಡ್ ಮಾಡಿ ಹಾಗೇ ತೆರೆದ ಎನಿಡೆಸ್ಕ್ ಕೂಡ ಆ ಸಾಮಾನ್ಯರ ಸಾಲಿನಲ್ಲೇ ಇರುತ್ತೆ.

ಹಾಗಾಗಿ ಬಾಗಿಲು ಕೀಳೋದು ಬೇಡ, ಮೊದಲೇ ಎನಿಡೆಸ್ಕ್‌ಗೆ ಅಡ್ಮಿನ್ ಹಕ್ಕು ಕೊಡಿಸಿಬಿಡಿ. ಸಂಪರ್ಕ ಆದ ತಕ್ಷಣ, ಬೇರೇನೂ ಮುಟ್ಟುವ ಮೊದಲು, ನಿಮ್ಮ ಕಡೆಯ ಆ್ಯಕ್ಷನ್ಸ್ ಮೆನುವಿನಲ್ಲಿ "ರಿಕ್ವೆಸ್ಟ್ ಎಲಿವೇಶನ್" ಒತ್ತಿ. ಎರಡು ದಾರಿ ಇರುತ್ತೆ. ಒಂದು, ಗಿರಾಕಿಯ ಪರದೆಯಲ್ಲಿ ಒಂದೇ ಒಂದು ಸಲ ಪ್ರಾಂಪ್ಟ್ (ಆ ಅನುಮತಿ ಪೆಟ್ಟಿಗೆ) ಬಂದು ಅವರು ಯೆಸ್ ಒತ್ತೋದು. ಇನ್ನೊಂದು, ಆ ಕಂಪ್ಯೂಟರಿನ ಅಡ್ಮಿನ್ ಹೆಸರು, ಪಾಸ್‌ವರ್ಡನ್ನು ನೀವೇ ಈ ಕಡೆಯಿಂದ ಕಳಿಸೋದು. ಆಮೇಲೆ ಬರುವ ಪ್ರಾಂಪ್ಟೆಲ್ಲ ನಿಮಗೇ ಕಾಣುತ್ತೆ, ನೀವೇ ಒತ್ತಬಹುದು. ಇಂಥದೇ ಇನ್ನೊಂದು ಟೂಲ್ ರಸ್ಟ್‌ಡೆಸ್ಕ್ ಬಳಸುವವರಿಗೆ ಇನ್ನೂ ಸಲೀಸು: ಇನ್‌ಸ್ಟಾಲ್ ಮಾಡದೆ ತೆರೆದಿದ್ದರೆ ಗಿರಾಕಿ ಒಪ್ಪಿಗೆ ಕೊಡುವ ಕಿಟಕಿಯಲ್ಲೇ "ಆ್ಯಕ್ಸೆಪ್ಟ್ ಆ್ಯಂಡ್ ಎಲಿವೇಟ್" ಅನ್ನೋ ಬಟನ್ ಇರುತ್ತೆ.

ಪದೇಪದೇ ನೋಡುವ ಗಿರಾಕಿಯಾದರೆ ಟೂಲನ್ನು ಸರಿಯಾಗಿ ಇನ್‌ಸ್ಟಾಲ್ ಮಾಡಿಬಿಡಿ. ಆಗ ಅದು ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ಹೆಚ್ಚಿನ ಹಕ್ಕಿನಲ್ಲಿ ಓಡುತ್ತೆ, ಪ್ರಾಂಪ್ಟ್ ಮೊದಲಿನಿಂದಲೇ ಕಾಣುತ್ತೆ.

ತೀರ್ಥಹಳ್ಳಿಯಿಂದ

ವಿಂಡೋಸಿನದೇ ಆದ ಕ್ವಿಕ್ ಅಸಿಸ್ಟ್ ಟೂಲಿನಲ್ಲಿ ಈ ಎಲಿವೇಶನ್ ಸೌಲಭ್ಯ ಇಲ್ಲ, ಅದನ್ನು ಸೇರಿಸಿಕೊಳ್ಳಿ. ಕಂಟ್ರೋಲ್, ವಿಂಡೋಸ್, ಕ್ಯೂ ಒಟ್ಟಿಗೆ ಒತ್ತಿದರೆ ತೆರೆಯುತ್ತೆ, ನೀವು ಕೊಟ್ಟ ಕೋಡ್ 10 ನಿಮಿಷ ನಡೆಯುತ್ತೆ, ಎಲ್ಲ ಚೆನ್ನ. ಆದರೆ ಪ್ರಾಂಪ್ಟ್ ಬಂದಾಗ ನಮ್ಮ ಪರದೆ ಕಪ್ಪಾಗುತ್ತೆ, ಆ ಕಡೆಯವರು ಉತ್ತರ ಕೊಡೋತನಕ ಕಾಯಬೇಕು. ಫೋನ್ ಕಿವಿಯಲ್ಲೇ ಇರಲಿ.

ಇನ್‌ಸ್ಟಾಲರ್ ಒತ್ತುವ ಮೊದಲೇ ಹೇಳಿಬಿಡಬೇಕು: "ಅಕ್ಕಾ, ಈಗ ಪರದೆ ಮಬ್ಬಾಗಿ ನಡುವೆ ಒಂದು ಪೆಟ್ಟಿಗೆ ಬರುತ್ತೆ. ಏನೂ ಒತ್ತಬೇಡಿ. ಮೇಲಿನ ಪಟ್ಟಿ ನೀಲಿಯೋ ಹಳದಿಯೋ ನೋಡಿ. ಪ್ರೋಗ್ರಾಮಿನ ಹೆಸರು ಓದಿ. ಅದರ ಕೆಳಗೆ ವೆರಿಫೈಡ್ ಪಬ್ಲಿಷರ್ ಅಂತ ಇರೋದನ್ನೂ ಓದಿ." ನೀಲಿ ಅಂದರೆ ಸಹಿ ಇರುವ ಪ್ರೋಗ್ರಾಂ. ಹಳದಿ ಅಂದರೆ ಪಬ್ಲಿಷರ್ ಅನ್‌ನೋನ್. ನೀವು ಹಾಕುತ್ತಿರುವ ಡ್ರೈವರ್ ಕಂಪನಿಯ ಹೆಸರೇ ಬಂದರೆ ಯೆಸ್, ಇಲ್ಲದಿದ್ದರೆ ನೋ. ಇಂಗ್ಲಿಷ್ ಓದೋಕೆ ಬಾರದವರಾದರೆ ಒಂದೊಂದೇ ಅಕ್ಷರ ಹೇಳಿಸಿಕೊಳ್ಳಿ. ಸುಮ್ಮನೆ ಯೆಸ್ ಒತ್ತಿ ಅಂತ ಅಭ್ಯಾಸ ಮಾಡಿಸಿದರೆ ನಾಳೆ ಮೋಸಗಾರ ಫೋನ್ ಮಾಡಿದಾಗಲೂ ಅವರು ಹಾಗೇ ಒತ್ತುತ್ತಾರೆ.

ಇನ್ನೊಂದು, "ಏನೂ ಬಂದಿಲ್ಲ ಸಾರ್" ಅಂದರೆ ಕೆಳಗಿನ ಟಾಸ್ಕ್‌ಬಾರ್ ನೋಡಿಸಿ. ಎಷ್ಟೋ ಸಲ ಪ್ರಾಂಪ್ಟ್ ಮುಂದೆ ಬಾರದೆ, ಗುರಾಣಿ ಚಿತ್ರವಾಗಿ ಅಲ್ಲೇ ಮಿಣುಕುತ್ತಿರುತ್ತೆ. ಅದನ್ನು ಕ್ಲಿಕ್ ಮಾಡಿದ ಮೇಲೆಯೇ ಪರದೆ ಮಬ್ಬಾಗೋದು.

ಭದ್ರಾವತಿಯಿಂದ

ಯುಎಸಿ ಸ್ಲೈಡರಿನಲ್ಲಿ ನಾಲ್ಕು ಹಂತ. ಮೊದಲಿಂದ ಇರೋದು ಮೇಲಿನಿಂದ ಎರಡನೆಯದು. ಅದನ್ನು ಮೂರನೆಯದಕ್ಕೆ ಇಳಿಸಿದರೆ ಪ್ರಾಂಪ್ಟ್ ಬರುತ್ತೆ, ಪರದೆ ಮಾತ್ರ ಮಬ್ಬಾಗಲ್ಲ. ಕೆಲಸ ಮುಗಿಯುವತನಕ ಅಷ್ಟು ಮಾಡಿಕೊಳ್ಳಬಹುದಲ್ವಾ?

ಸಾಗರದಿಂದ

ಅದರಲ್ಲಿ ಎರಡು ತೊಡಕಿದೆ. ಸ್ಲೈಡರ್ ಇಳಿಸೋಕೇ ಒಂದು ಪ್ರಾಂಪ್ಟ್ ಬರುತ್ತೆ, ಅದಕ್ಕೂ ಗಿರಾಕಿಯೇ ಯೆಸ್ ಒತ್ತಬೇಕು. ಆ ಒಂದು ಯೆಸ್ ಅನ್ನು ಎಲಿವೇಶನ್‌ಗೇ ಕೊಡಿಸಿದರೆ ಕೆಲಸ ಪೂರ್ತಿ ಆಗುತ್ತೆ. ಎರಡನೆಯದು ಇನ್ನೂ ದೊಡ್ಡದು. ಟೂಲ್ ಸಾಮಾನ್ಯ ಹಕ್ಕಿನಲ್ಲೇ ಇದ್ದರೆ, ಪ್ರಾಂಪ್ಟ್ ದಾಟಿ ತೆರೆದ ಅಡ್ಮಿನ್ ಕಿಟಕಿ ನಿಮಗೆ ಕಾಣುತ್ತೆ, ಮೌಸ್ ಅದರ ಮೇಲೆ ಓಡಾಡುತ್ತೆ, ಕ್ಲಿಕ್ ಮಾತ್ರ ತಗೊಳ್ಳಲ್ಲ. ನೆಕ್ಸ್ಟ್ ಮೇಲೆ ಹತ್ತು ಸಲ ಒತ್ತಿದರೂ ಅಲ್ಲಾಡಲ್ಲ. ನೆಟ್ ನಿಧಾನ ಅಂತ ಬಹಳ ಜನ ತಪ್ಪು ತಿಳೀತಾರೆ. ಕೆಳಗಿನ ಹಕ್ಕಿನ ಪ್ರೋಗ್ರಾಂ ಮೇಲಿನ ಹಕ್ಕಿನ ಕಿಟಕಿಗೆ ಕೀಲಿ, ಮೌಸ್ ಕಳಿಸಬಾರದು ಅಂತ ವಿಂಡೋಸೇ ತಡೆಯೋದು ಅದು.

ತಾತ್ಕಾಲಿಕ ಅಂತ ಇಳಿಸಿದ್ದು ಸಾಮಾನ್ಯವಾಗಿ ಹಾಗೇ ಉಳಿದುಹೋಗುತ್ತೆ. ಬೇರೆಯವರು ಇಳಿಸಿಟ್ಟಿದ್ದರೂ ಹೋಗುವಾಗ ಎರಡನೇ ಹಂತಕ್ಕೆ ಏರಿಸಿ ಹೋಗಿ.

ಹೊಸನಗರದಿಂದ

ಗ್ರಾಮ ಒನ್ ಕೇಂದ್ರಗಳಂಥ ಕಡೆ ಬೆರಳಚ್ಚು ಸಾಧನ ಹಾಕಿಸುವಾಗ ಡ್ರೈವರ್ ಬೇರೆ, ಆಧಾರ್ ಪರಿಶೀಲನೆಗೆ ಬೇಕಾದ ಆರ್‌ಡಿ ಸರ್ವಿಸ್ ಅನ್ನೋ ಸಾಫ್ಟ್‌ವೇರ್ ಬೇರೆ. ಎರಡಕ್ಕೂ ಪ್ರಾಂಪ್ಟ್. ನಡುವೆ "ಈ ಸಾಧನದ ಸಾಫ್ಟ್‌ವೇರ್ ಹಾಕಲೇ?" ಅಂತ ಇನ್ನೊಂದು ಪೆಟ್ಟಿಗೆ ಬರಬಹುದು. ಅದು ಯುಎಸಿ ಅಲ್ಲ, ಪರದೆ ಮಬ್ಬಾಗಲ್ಲ. ಪ್ರಾಂಪ್ಟಿನ ಸಂಖ್ಯೆ ಕಡಿಮೆ ಮಾಡಬೇಕಾದರೆ ಒಂದೇ ಒಂದು ಅಡ್ಮಿನ್ ಕಮಾಂಡ್ ಪ್ರಾಂಪ್ಟ್ (ಆದೇಶ ಟೈಪಿಸುವ ಕಿಟಕಿ) ತೆರೆದಿಟ್ಟುಕೊಳ್ಳಿ: ಸ್ಟಾರ್ಟ್‌ನಲ್ಲಿ ಸಿ, ಎಂ, ಡಿ ಟೈಪಿಸಿ ಕಂಟ್ರೋಲ್, ಶಿಫ್ಟ್, ಎಂಟರ್. ಕಿಟಕಿಯ ತಲೆಯಲ್ಲಿ "ಅಡ್ಮಿನಿಸ್ಟ್ರೇಟರ್" ಅಂತ ಇದೆಯಾ ನೋಡಿ. ಅಲ್ಲಿಂದ ಶುರು ಮಾಡಿದ ಸೆಟಪ್ಪು, ಡಿವೈಸ್ ಮ್ಯಾನೇಜರ್, ಸರ್ವಿಸಸ್ ಎಲ್ಲಕ್ಕೂ ಅದೇ ಹಕ್ಕು ಇಳಿದು ಬರುತ್ತೆ, ಮತ್ತೆ ಕೇಳಲ್ಲ. ಎಂಎಸ್‌ಐ ಅನ್ನೋ ಬಗೆಯ ಸೆಟಪ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿದರೆ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಇರೋದಿಲ್ಲವಲ್ಲ, ಅದಕ್ಕೂ ಇದೇ ದಾರಿ: ಎಂಎಸ್‌ಐಎಕ್ಸೆಕ್ ಬರೆದು, ಜಾಗ ಬಿಟ್ಟು, ಓರೆಗೆರೆ ಐ, ಮುಂದೆ ಫೈಲಿನ ಪೂರ್ತಿ ಹಾದಿ. ಕೆಲಸ ಆದ ಕೂಡಲೇ ಆ ಕಿಟಕಿ ಮುಚ್ಚಲೇಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಎಪಿಎಂಸಿಯ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರ ಲಾಗಿನ್ ಸ್ಟ್ಯಾಂಡರ್ಡ್ ಯೂಸರ್, ಅಡ್ಮಿನ್ ಹಕ್ಕಿಲ್ಲ. ಅಲ್ಲಿ ಯೆಸ್, ನೋ ಬದಲು ಪಾಸ್‌ವರ್ಡೇ ಕೇಳುತ್ತೆ. ಪಾಸ್‌ವರ್ಡ್ ಕೊಟ್ಟು ಒಳಗೆ ಹೋದರೆ ಲೆಕ್ಕದ ಫೈಲ್ ಇರುವ ಜಡ್ ಡ್ರೈವೇ ಕಾಣಲ್ಲ. ಯಾಕೆ?

ಸಾಗರದಿಂದ

ಪಾಸ್‌ವರ್ಡ್ ಕೊಟ್ಟ ಮೇಲೆ ಆ ಪ್ರೋಗ್ರಾಂ ಓಡೋದು ಗುಮಾಸ್ತರ ಹೆಸರಲ್ಲಲ್ಲ, ಅಡ್ಮಿನ್ ಖಾತೆಯ ಹೆಸರಲ್ಲಿ. ಮ್ಯಾಪ್ ಮಾಡಿದ ಡ್ರೈವ್, ಅಂದರೆ ಸರ್ವರಿನ ಫೋಲ್ಡರಿಗೆ ಒಂದು ಅಕ್ಷರ ಕೊಟ್ಟಿಟ್ಟದ್ದು, ಲಾಗಿನ್ನಿಗೆ ಅಂಟಿಕೊಂಡಿರೋದು, ಹಾಗಾಗಿ ಅಲ್ಲಿ ಇಲ್ಲ. ಡ್ರೈವ್ ಅಕ್ಷರದ ಬದಲು ಎರಡು ಹಿಮ್ಮುಖ ಓರೆಗೆರೆ ಹಾಕಿ ಸರ್ವರ್ ಹೆಸರು, ಫೋಲ್ಡರ್ ಹೆಸರು ಬರೆಯಿರಿ. ಸರ್ವರ್ ಲಾಗಿನ್ ಕೇಳಿದರೆ ಅದನ್ನೂ ಕೊಡಬೇಕಾಗುತ್ತೆ. ಅದಕ್ಕಿಂತ ನೆಮ್ಮದಿ ಅಂದರೆ ಸೆಟಪ್ ಫೈಲನ್ನು ಮೊದಲೇ ಸಿ ಡ್ರೈವಿನ ಒಂದು ಫೋಲ್ಡರಿಗೆ ನಕಲು ಮಾಡಿಕೊಳ್ಳೋದು.

ಇದೇ ಕಾರಣಕ್ಕೆ ಡೀಫಾಲ್ಟ್ ಪ್ರಿಂಟರ್, ಡೆಸ್ಕ್‌ಟಾಪ್ ಶಾರ್ಟ್‌ಕಟ್ ಇಂಥವನ್ನು ಅಡ್ಮಿನ್ ಕಿಟಕಿಯಲ್ಲಿ ಹೊಂದಿಸಿದರೆ ಗುಮಾಸ್ತರಿಗೆ ಸಿಗಲ್ಲ. ಡ್ರೈವರ್ ಅಡ್ಮಿನ್ ಹಕ್ಕಿನಲ್ಲಿ ಹಾಕಿ, ಹೊಂದಾಣಿಕೆಯನ್ನು ಗುಮಾಸ್ತರ ಮಾಮೂಲಿ ಕಿಟಕಿಯಲ್ಲಿ ಮಾಡಿ. ಪಾಸ್‌ವರ್ಡನ್ನು ಫೋನಿನಲ್ಲಿ ಹೇಳಿಸಿಕೊಳ್ಳಬೇಡಿ. ಮಂಡಿಯ ಯಜಮಾನರೇ ಬಂದು ಟೈಪಿಸಲಿ.

ತೀರ್ಥಹಳ್ಳಿಯಿಂದ

ಮಲೆನಾಡಿನಲ್ಲಿ ಇದೊಂದು ಮರೆಯಬೇಡಿ: ಕರೆಂಟು ಹೋಗಿ ಬಂದರೆ, ಅಥವಾ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದರೆ, ಇನ್‌ಸ್ಟಾಲ್ ಮಾಡದ ಟೂಲ್ ತಾನಾಗಿ ಎದ್ದು ಬರಲ್ಲ. ಗಿರಾಕಿ ಮತ್ತೆ ತೆರೆದು ಮತ್ತೆ ಎಲಿವೇಶನ್ ಕೊಡಬೇಕು. ಹಾಗಾಗಿ ರೀಸ್ಟಾರ್ಟ್ ಬೇಡುವ ಕೆಲಸಗಳನ್ನು ಕೊನೆಗೆ ಒಟ್ಟಿಗೆ ಇಟ್ಟುಕೊಳ್ಳಿ, ಒತ್ತುವ ಮೊದಲು "ಐದು ನಿಮಿಷ ಅಲ್ಲೇ ಇರಿ" ಅಂತ ಹೇಳಿ.

ಮುಗಿದ ಮೇಲೆ ಒಂದು ಸಲದ ಗಿರಾಕಿಯ ಕಂಪ್ಯೂಟರಿನಿಂದ ಟೂಲ್ ತೆಗೆಸಿ. ಕಾಯಂ ಗಿರಾಕಿಯಾದರೆ ಅನ್‌ಅಟೆಂಡೆಡ್ ಪಾಸ್‌ವರ್ಡ್ (ಆ ಕಡೆ ಯಾರೂ ಒಪ್ಪಿಗೆ ಒತ್ತದೆಯೂ ಒಳಗೆ ಹೋಗುವ ಪಾಸ್‌ವರ್ಡ್) ಅವರ ಒಪ್ಪಿಗೆಯಿಂದ ಮಾತ್ರ ಇಡಿ, ಹತ್ತು ಅಂಗಡಿಗೆ ಒಂದೇ ಪಾಸ್‌ವರ್ಡ್ ಇಡಬೇಡಿ. ಕೆಲಸ ನಡೆಯುವಾಗ ಬ್ಯಾಂಕಿನ ಪುಟ ತೆರೆದಿದ್ದರೆ ಮೊದಲೇ ಮುಚ್ಚಿಸಿ. ಯಾರೋ ಅಪರಿಚಿತರು ಫೋನ್ ಮಾಡಿ ಹೀಗೇ ಯೆಸ್ ಒತ್ತಿಸಿ ದುಡ್ಡು ಹೋಗಿದ್ದರೆ, ನೆಟ್ ಕೇಬಲ್ ಕಿತ್ತು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತ ಮಾನಿಟರ್ ಪಕ್ಕ ಒಂದು ಚೀಟಿ ಅಂಟಿಸಿಕೊಳ್ಳೋಕೆ ಹೇಳಿ.