ಪದಚರ್ಚೆ: ಮಗುವಿನ ಬಾಯಲ್ಲಿ ಕಟ್ಟುವ ಬಿಳಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ,

ಎಚ್‌ಐವಿ ಇರುವ ಮಕ್ಕಳ ಬಾಯಿ, ಹಲ್ಲಿನ ಆರೈಕೆ ಬಗ್ಗೆ ತಾಯಂದಿರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಮೊದಲನೆಯದು ದಂತಕ್ಷಯ. ಪುಸ್ತಕಗಳಲ್ಲಿ ಇರುವ ಪದವೇ. ಕರಡನ್ನು ಒಬ್ಬ ತಾಯಿಗೆ ಓದಿ ಹೇಳುತ್ತಿದ್ದೆ. ‘ಕ್ಷಯ’ ಅನ್ನುತ್ತಿದ್ದ ಹಾಗೇ ಅವರು ಮಗನನ್ನು ಹತ್ತಿರಕ್ಕೆ ಎಳೆದುಕೊಂಡು, “ಇವನಿಗೂ ಬಂತಾ ಮೇಡಂ?” ಅಂದರು. ಅವರ ಯಜಮಾನರು ಟಿಬಿಯಿಂದ ತೀರಿಕೊಂಡಿದ್ದರು. ಎಚ್‌ಐವಿ ಇರುವವರಿಗೆ ಟಿಬಿ ತಗಲುವ ಅಪಾಯ ಜಾಸ್ತಿ. ಅಂಥ ಮನೆಗಳಲ್ಲಿ ಕ್ಷಯ ಎಂದರೆ ಒಂದೇ ಅರ್ಥ. ಅವತ್ತೇ ಆ ಪದ ಹೊಡೆದು ಹಾಕಿ ‘ಹುಳುಕು ಹಲ್ಲು’ ಅಂತ ಬರೆದೆ. ಇದು ಎಲ್ಲರಿಗೂ ಗೊತ್ತು. ಆದರೆ ಹುಳುಕು ಅಂದ ತಕ್ಷಣ ಹುಳ ನೆನಪಾಗುತ್ತದೆ. ಹಲ್ಲೊಳಗೆ ಹುಳ ಕೂತು ಕೊರೆಯುತ್ತದೆ ಅಂತ ಇವತ್ತಿಗೂ ನಂಬುವವರಿದ್ದಾರೆ. ಸಿಹಿ ತಿಂದ ಮೇಲೆ ಬಾಯಿಯ ಬ್ಯಾಕ್ಟೀರಿಯಾ ಅದನ್ನು ಹುಳಿ ಮಾಡುತ್ತವೆ, ಆ ಹುಳಿ ಹಲ್ಲನ್ನು ಕರಗಿಸುತ್ತದೆ. ಹಾಗಾಗಿ ‘ಹಲ್ಲು ತಿನ್ನೋದು ಹುಳ ಅಲ್ಲ, ಹುಳಿ’ ಅಂತ ಒಂದು ಸಾಲು ಸೇರಿಸಿದ್ದೇನೆ. ಓದಿಸಿ ನೋಡಿದೆ, ತಕ್ಷಣ ಅರ್ಥವಾಯಿತು.

ಕಷ್ಟ ಇರುವುದು ಎರಡನೆಯದರಲ್ಲಿ. ಡಾಕ್ಟರು ಥ್ರಶ್ ಅನ್ನುತ್ತಾರೆ. ಕ್ಯಾಂಡಿಡಾ ಎಂಬ ಫಂಗಸ್ಸಿನಿಂದ ಬರುತ್ತದೆ. ಲ್ಯಾಟಿನ್ನಿನಲ್ಲಿ ಕ್ಯಾಂಡಿಡಸ್ ಎಂದರೆ ಬಿಳಿ. ಚುನಾವಣೆಯ ಕ್ಯಾಂಡಿಡೇಟ್ ಕೂಡ ಅಲ್ಲಿಂದಲೇ ಬಂದದ್ದು, ರೋಮಿನಲ್ಲಿ ಹುದ್ದೆಗೆ ನಿಲ್ಲುವವರು ಬಿಳಿ ಬಟ್ಟೆ ಉಡುತ್ತಿದ್ದರು. ಈ ಫಂಗಸ್ ಆರೋಗ್ಯವಂತರ ಬಾಯಲ್ಲೂ ಸುಮ್ನೆ ಇರುತ್ತದೆ. ಎಚ್‌ಐವಿಯಿಂದ ಸಿಡಿ4 ಕಣಗಳು (ರೋಗಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು) ಕಡಿಮೆಯಾದಾಗ ಎದ್ದು ಬೆಳೆಯುತ್ತದೆ. ನಾಲಿಗೆ, ಕೆನ್ನೆಯ ಒಳಗೆ ಒಡೆದ ಮೊಸರಿನ ಹಾಗೆ ಬಿಳಿ ಕಟ್ಟುತ್ತದೆ. ಹಾಲಿನ ಕಲೆಯಾದರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಕೆಳಗೆ ಬಾಯಿ ಚೆನ್ನಾಗಿರುತ್ತದೆ. ಇದನ್ನು ಒರೆಸಿದರೆ ಕೆಳಗೆ ಕೆಂಪಗೆ ಹಸಿಯಾಗಿ ಕಾಣುತ್ತದೆ, ಕೆಲವೊಮ್ಮೆ ರಕ್ತವೂ ಒಸರುತ್ತದೆ.

‘ಬಾಯಿಹುಣ್ಣು’ ಅಂತ ಬರೆದರೆ ಜನ ಹೀಟ್ ಆಗಿದೆ ಅಂದುಕೊಂಡು ಎಳನೀರು ಕುಡಿಸಿ ಸುಮ್ಮನಾಗುತ್ತಾರೆ. ಇದು ಡಾಕ್ಟರಿಗೆ ತೋರಿಸಲೇಬೇಕಾದದ್ದು. ‘ಶಿಲೀಂಧ್ರ’ ಯಾರ ಬಾಯಲ್ಲೂ ಇಲ್ಲ. 2021ರಲ್ಲಿ ಪತ್ರಿಕೆಗಳು ಕಪ್ಪು ಶಿಲೀಂಧ್ರ ಅಂತ ಬರೆದರೂ ಜನ ಬ್ಲ್ಯಾಕ್ ಫಂಗಸ್ ಅಂತಲೇ ಅಂದರು. ಅದೇ ಕಾರಣಕ್ಕೆ ಈಗ ಬರೀ ‘ಫಂಗಸ್’ ಅಂದರೂ ಕಣ್ಣು ಹೋಗುತ್ತಾ ಅಂತ ಕೇಳುತ್ತಾರೆ.

ನನಗೆ ಹೊಳೆದದ್ದು ‘ಬಾಯಿ ಬೂಸ್ಟು’. ಉಪ್ಪಿನಕಾಯಿಗೆ, ಬ್ರೆಡ್ಡಿಗೆ ಬೂಸ್ಟು ಬಂದದ್ದನ್ನು ನೋಡದವರಿಲ್ಲ. ಆದರೆ ಬೂಸ್ಟು ಬಂದ ಪದಾರ್ಥವನ್ನು ನಾವು ಬಿಸಾಡುತ್ತೇವೆ. ಮಗುವಿನ ಬಾಯಿಗೆ ಆ ಪದ ಅಂಟಿಸಲು ಮನಸ್ಸು ಬರುತ್ತಿಲ್ಲ. ಈ ಮಕ್ಕಳನ್ನು ದೂರ ಇಡುವವರು ಈಗಾಗಲೇ ಸಾಕಷ್ಟಿದ್ದಾರೆ.

ಎರಡೂ ಪದ ಒಂದೇ ಪುಟದಲ್ಲಿ ಬೇಕು, ಯಾಕೆಂದರೆ ಈ ಎರಡೂ ತೊಂದರೆ ಎಷ್ಟೋ ಸಲ ಕೂಡಿಯೇ ಬರುತ್ತವೆ. ಈ ಫಂಗಸ್ ಹಲ್ಲಿನ ಪಾಚಿಯಲ್ಲೂ ಸೇರಿಕೊಂಡು ಹುಳಿ ಹೆಚ್ಚಿಸುತ್ತದೆ. ಮಕ್ಕಳ ಸಿರಪ್ಪುಗಳಲ್ಲಿ, ಥ್ರಶ್ಶಿಗೆ ಕೊಡುವ ನಿಸ್ಟಾಟಿನ್ ಡ್ರಾಪ್ಸಿನಲ್ಲೂ, ಎಷ್ಟೋ ಸಲ ಸಕ್ಕರೆ ಇರುತ್ತದೆ. ರಾತ್ರಿ ಔಷಧಿ ಕುಡಿಸಿ ಹಾಗೇ ಮಲಗಿಸಿದರೆ ಹಲ್ಲಿನ ಮೇಲೆ ಬೆಳಗಿನವರೆಗೂ ಸಿಹಿ ಉಳಿಯುತ್ತದೆ. ತಾಯಿ ಔಷಧಿ ತಪ್ಪಿಸಬಾರದು, ಹಲ್ಲನ್ನೂ ಉಳಿಸಬೇಕು. ಹಲ್ಲುಜ್ಜುವುದು ಯಾವಾಗ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ.

ಇನ್ನೊಂದು ಸಣ್ಣ ಮಾತು. ‘ಎಚ್‌ಐವಿ ಬಾಧಿತ ಮಕ್ಕಳು’ ಅಂದರೆ ಅಪ್ಪ ಅಮ್ಮನಿಗೆ ಸೋಂಕಿದ್ದು ತಮಗೆ ಇಲ್ಲದವರೂ ಸೇರುತ್ತಾರೆ, ‘ಸೋಂಕಿತ’ ಅಂದರೆ ಸೇರುವುದಿಲ್ಲ. ‘ಪೀಡಿತ’ ನನಗೆ ಬೇಡ. ‘ಎಚ್‌ಐವಿ ಇರುವ ಮಗು’ ಸಾಕು ಅನ್ನಿಸುತ್ತದೆ, ಅಲ್ವಾ?

ಮಗುವಿನ ಬಾಯಲ್ಲಿ ಹೀಗೆ ಬಿಳಿ ಕಟ್ಟಿದಾಗ ನಿಮ್ಮ ಕಡೆ ಹಿರಿಯರು ಏನನ್ನುತ್ತಾರೆ? ಕರಾವಳಿ, ಬೀದರ್, ಧಾರವಾಡ, ಚಾಮರಾಜನಗರದವರು ದಯವಿಟ್ಟು ಮನೆಯ ಅಜ್ಜಿಯರನ್ನು ಕೇಳಿ ಬರೆಯಿರಿ. ಆ ಪದಕ್ಕೆ ಬೈಗುಳದ ಬಳಕೆ ಇದ್ದರೆ ಅದನ್ನೂ ತಿಳಿಸಿ.