ಡಯಾಲಿಸಿಸ್ ರೋಗಿಯ ನ್ಯುಮೋನಿಯಾ: ಊರಿನದೋ, ಆಸ್ಪತ್ರೆಯದೋ?

ವೈದ್ಯಾಧಿಕಾರಿ, ಸಿಂಧನೂರು
ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಬರುವವರಿಗೆ ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ನೆರಳು ಕಂಡರೆ ಅದನ್ನು ಊರಲ್ಲೇ ತಗುಲಿದ ನ್ಯುಮೋನಿಯಾ ಅನ್ನಬೇಕೋ, ಆಸ್ಪತ್ರೆ ಸಂಪರ್ಕದ್ದು ಅನ್ನಬೇಕೋ? ಹಳೇ ನೋಟ್ಸ್ ಪ್ರಕಾರ ಮೊದಲ ಡೋಸಿಗೇ ಪಿಪ್‌ಟಾಜ್, ವ್ಯಾಂಕೋಮೈಸಿನ್ ಎಂಬ ಬಲವಾದ ಆ್ಯಂಟಿಬಯಾಟಿಕ್‌ಗಳು. ಸಾಮಾನ್ಯ ಸೆಫ್ಟ್ರಿಯಾಕ್ಸೋನ್ ಸಾಲುವುದಿಲ್ಲವೇ? ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ರಾಯಚೂರಿಗೇ ಕಳಿಸಬೇಕು.

ಶ್ವಾಸಕೋಶ ವಿಭಾಗ, ಬಳ್ಳಾರಿ
ಸರ್, ಆ ನೋಟ್ಸ್ 2005ರ ಅಮೆರಿಕದ ಮಾರ್ಗಸೂಚಿಯದು. ಡಯಾಲಿಸಿಸ್‌ನವರು, ವೃದ್ಧಾಶ್ರಮದವರು, ಹಿಂದಿನ 90 ದಿನಗಳಲ್ಲಿ ಎರಡು ದಿನವಾದರೂ ದಾಖಲಾಗಿದ್ದವರು, ಎಲ್ಲರನ್ನೂ ಒಂದೇ ಗುಂಪಿಗೆ ಸೇರಿಸಿದ್ದರು. ಔಷಧಕ್ಕೆ ಬಗ್ಗದ ರೋಗಾಣು ಯಾರಲ್ಲಿದೆ ಅಂತ ಆ ಗುಂಪಿನಿಂದ ಸರಿಯಾಗಿ ತಿಳಿಯಲಿಲ್ಲ, ಬಲವಾದ ಔಷಧ ಮಾತ್ರ ಬೇಡದವರಿಗೂ ಹೋಯಿತು. 2016ರಲ್ಲಿ ಕೈಬಿಟ್ಟರು, 2019ರಲ್ಲಿ ಬಳಸಬೇಡಿ ಅಂತಲೇ ಬರೆದರು. ಈಗ ದಾಖಲಾಗಿ 48 ಗಂಟೆ ಕಳೆದ ಮೇಲೆ ಶುರುವಾದದ್ದು ಮಾತ್ರ ಆಸ್ಪತ್ರೆಯದು. ನೀವು ಹೇಳಿದ್ದು ಊರಿನದೇ.

ಕೇಳಬೇಕಾದ್ದು ಎರಡು. ಹಿಂದೆ ಕಫದಲ್ಲಿ ಎಂಆರ್‌ಎಸ್‌ಎ ಅಥವಾ ಸ್ಯೂಡೋಮೊನಾಸ್ (ಸಾಮಾನ್ಯ ಔಷಧಕ್ಕೆ ಬಗ್ಗದ ರೋಗಾಣುಗಳು) ಬೆಳೆದಿತ್ತೇ? ಬೆಳೆದಿದ್ದರೆ ಮೊದಲ ಡೋಸಿನಿಂದಲೇ ಅದಕ್ಕೆ ಔಷಧ ಕೊಡಿ. 90 ದಿನಗಳೊಳಗೆ ದಾಖಲಾಗಿ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಿತ್ತೇ? ಹೋಗಿದ್ದು, ಕಾಯಿಲೆ ತೀವ್ರವಿಲ್ಲದಿದ್ದರೆ ಕಲ್ಚರ್ ಕಳಿಸಿ, ಸಾಮಾನ್ಯ ಔಷಧವನ್ನೇ ಶುರು ಮಾಡಿ. ತೀವ್ರವಿದ್ದರೆ ಬಲವಾದದ್ದು ಕೊಡಿ. 48 ಗಂಟೆಗೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ರೋಗಿ ಚೇತರಿಸುತ್ತಿದ್ದರೆ ಆ ಬಲವಾದದ್ದನ್ನು ನಿಲ್ಲಿಸಿ, ಸಾಮಾನ್ಯ ಔಷಧ ಸಾಕು. ಈ ನಿಲ್ಲಿಸುವ ಕೆಲಸವೇ ಹೆಚ್ಚಾಗಿ ಮರೆತುಹೋಗುತ್ತದೆ.

ಉಳಿದವರಿಗೆ ಸೆಫ್ಟ್ರಿಯಾಕ್ಸೋನ್ ದಿನಕ್ಕೆ 1ರಿಂದ 2 ಗ್ರಾಂ, ಜೊತೆಗೆ ಅಜಿತ್ರೋಮೈಸಿನ್ 500 ಮಿ.ಗ್ರಾಂ. ಕಿಡ್ನಿಗಾಗಿ ಇವೆರಡರ ಡೋಸ್ ತಗ್ಗಿಸಬೇಕಿಲ್ಲ. ಲಿವೋಫ್ಲಾಕ್ಸಾಸಿನ್ ಸುಮ್ಮನೆ ಶುರು ಮಾಡಬೇಡಿ, ಕ್ಷಯವಿದ್ದರೆ ಅರೆಬರೆ ಅಡಗಿ ಪತ್ತೆ ತಡವಾಗುತ್ತದೆ. ಕೆಮ್ಮು ಎರಡು ವಾರ ದಾಟಿದ್ದರೆ ಕ್ಷಯ ಪತ್ತೆಯ ಸಿಬಿನಾಟ್ ಪರೀಕ್ಷೆ ಮಾಡಿಸಿ.

ಡಯಾಲಿಸಿಸ್ ಘಟಕ, ಗಂಗಾವತಿ
ಅದಕ್ಕೂ ಮೊದಲು, ಅದು ನ್ಯುಮೋನಿಯಾ ಹೌದೇ ನೋಡಿ. ಒಂದು ಸರದಿ ತಪ್ಪಿಸಿ ಮೂರ್ನಾಲ್ಕು ಕಿಲೋ ನೀರು ತುಂಬಿಕೊಂಡು ಬಂದವರ ಎಕ್ಸ್‌ರೇಯೂ ಹಾಗೇ ಕಾಣುತ್ತದೆ. ಒಣ ತೂಕಕ್ಕೆ (ಹೆಚ್ಚುವರಿ ನೀರು ಇಲ್ಲದಾಗಿನ ತೂಕ) ಹೋಲಿಸಿ, ನೀರು ತೆಗೆದ ಮೇಲೆ ಇನ್ನೊಂದು ಎಕ್ಸ್‌ರೇ ತೆಗೆಸಿ. ಕುತ್ತಿಗೆಯಲ್ಲಿ ಡಯಾಲಿಸಿಸ್ ಕೊಳವೆ (ಕ್ಯಾತಿಟರ್) ಇದ್ದು, ಶ್ವಾಸಕೋಶದ ಎರಡೂ ಕಡೆ ಅಂಚಿನಲ್ಲಿ ದುಂಡು ಮಚ್ಚೆಗಳಿದ್ದರೆ ಸೋಂಕು ಕ್ಯಾತಿಟರ್‌ನಿಂದ ರಕ್ತದ ಮೂಲಕ ಬಂದಿರಬಹುದು.

ನ್ಯುಮೋನಿಯಾ ಎಷ್ಟು ತೀವ್ರ ಎಂದು ಅಳೆಯುವ ಕರ್ಬ್-65 ಅಂಕ ಎಣಿಸುವಾಗ ರಕ್ತದ ಯೂರಿಯಾ ಡೆಸಿಲೀಟರ್‌ಗೆ 42 ಮಿ.ಗ್ರಾಂ ಮೀರಿದರೆ ಒಂದು ಅಂಕ. ಡಯಾಲಿಸಿಸ್‌ನವರಿಗೆ ಅದು ಸದಾ ಮೀರಿರುತ್ತದೆ, ಆ ಅಂಕ ನಂಬಬೇಡಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ; 30 ಮುಟ್ಟಿದರೆ, ಮೇಲಿನ ಬಿಪಿ 90ಕ್ಕಿಂತ ಇಳಿದರೆ, ಮಾತು ತಡವರಿಸಿದರೆ ಕಾಯಬೇಡಿ.

ಮೈಕ್ರೋಬಯಾಲಜಿ, ರಾಯಚೂರು
ಆ್ಯಂಟಿಬಯಾಟಿಕ್‌ಗೆ ಮೊದಲೇ ಎರಡು ಬೇರೆ ಜಾಗದಿಂದ ರಕ್ತ ತೆಗೆಯಿರಿ, ಬಾಟಲಿಗೆ 8ರಿಂದ 10 ಮಿ.ಲೀ. ಕಫಕ್ಕೆ ಬಾಯಿ ಮುಕ್ಕಳಿಸಿ ಆಳದಿಂದ ಕೆಮ್ಮಿಸಿ. ಬರೀ ಉಗುಳು ಬಂದರೆ ಬಿಸಾಡಲೇಬೇಕಾಗುತ್ತದೆ. ಎರಡು ಗಂಟೆಯೊಳಗೆ ಲ್ಯಾಬ್ ಮುಟ್ಟದಿದ್ದರೆ ಕಫವನ್ನು ಐಸ್‌ಪ್ಯಾಕ್ ಜೊತೆ ಕಳಿಸಿ. ರಕ್ತದ ಬಾಟಲಿಯನ್ನು ಮಾತ್ರ ಅದೇ ಡಬ್ಬಿಯಲ್ಲಿ ಇಡಬೇಡಿ, ತಂಪಿಗೆ ರೋಗಾಣು ಬೆಳೆಯುವುದಿಲ್ಲ.

ವೈದ್ಯಾಧಿಕಾರಿ, ಸಿಂಧನೂರು
ಪಿಪ್‌ಟಾಜ್ ಬೇಕೇ ಬೇಕಾದರೆ?

ಶ್ವಾಸಕೋಶ ವಿಭಾಗ, ಬಳ್ಳಾರಿ
2.25 ಗ್ರಾಂ 8 ಗಂಟೆಗೊಮ್ಮೆ. ಡಯಾಲಿಸಿಸ್‌ನಲ್ಲಿ ಒಂದಷ್ಟು ಹೊರಹೋಗುತ್ತದೆ, ಆದ್ದರಿಂದ ಆ ದಿನ ಮೆಷಿನ್‌ನಿಂದ ಇಳಿದ ಮೇಲೆ 0.75 ಗ್ರಾಂ ಹೆಚ್ಚಿಗೆ ಕೊಡಿ.